ಶಟರ್ ಓಪನ್, ಎಸಿ ಆನ್

ಫ್ರಿಜ್ ಬಾಗಿಲು ಅರ್ಧ ನಿಮಿಷ ತೆರೆದಿಟ್ಟರೆ ಮನೇಲಿ ಅಮ್ಮ ಬೈತಾರೆ. ಆದರೆ ವೈಟ್‌ಫೀಲ್ಡಿನ ಒಂದು ಮಾಲ್ ಹಿಂದೆ, ಸರಕು ಇಳಿಸೋ ದೊಡ್ಡ ಶಟರ್ ಬೆಳಗಿನಿಂದ ತೆರೆದೇ ಇರೋದನ್ನು ನಾವು ನೋಡಿದೆವು. ಒಳಗೆ ಎಸಿ ಓಡ್ತಾನೇ ಇತ್ತು.

ನಿಯಮ ಇಲ್ಲ ಅಂತಲ್ಲ. 2007ರಲ್ಲೇ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ, ಅಂದರೆ ಇಸಿಬಿಸಿ ಬಂತು, 2017ರಲ್ಲಿ ಪರಿಷ್ಕರಣೆಯಾಯಿತು. 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಲೋಡ್ ಇರುವ ವಾಣಿಜ್ಯ ಕಟ್ಟಡಗಳಿಗಾಗಿ ಮಾಡಿದ ಸಂಹಿತೆ ಇದು. ಇದರ ಪ್ರಕಾರ, ಗಾಜಿನ ಪ್ರವೇಶದ್ವಾರ ಬಿಟ್ಟು ಉಳಿದ ಬಾಗಿಲುಗಳಲ್ಲಿ ಚದರ ಮೀಟರಿಗೆ ಸೆಕೆಂಡಿಗೆ 2 ಲೀಟರ್‌ಗಿಂತ ಹೆಚ್ಚು ಗಾಳಿ ಸೋರಬಾರದು. ಆದರೆ ಇದು ಮುಚ್ಚಿದ ಬಾಗಿಲಿನ ಮಾತು.

ಲೆಕ್ಕ ಹಾಕಿ ನೋಡೋಣ. 4 ಮೀಟರ್ ಅಗಲ, 4 ಮೀಟರ್ ಎತ್ತರದ ಶಟರ್ ಮುಚ್ಚಿದ್ದಾಗ ಮಿತಿ 32 ಲೀಟರ್. ತೆರೆದಾಗ ಅರ್ಧ ಭಾಗದಲ್ಲಿ ಮಾತ್ರ, ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಬಿಸಿಗಾಳಿ ಒಳಗೆ ಬಂದರೂ 4000 ಲೀಟರ್. 125 ಪಟ್ಟು!

"ಯಾಕಣ್ಣಾ ಮುಚ್ಚಲ್ಲ?" ಅಂತ ಅಲ್ಲಿದ್ದವರನ್ನು ಕೇಳಿದೆವು. "ಗಾಡಿ ಮೇಲೆ ಗಾಡಿ ಬರ್ತವೆ, ಎಷ್ಟು ಸಲ ಎಳೀಲಿ ತಮ್ಮಾ?" ಅಂದರು.

ತಪ್ಪು ಅವರದ್ದಲ್ಲ. ದಿನವಿಡೀ ಬಳಸುವ ಬಾಗಿಲಿಗೆ ಕೈಯಲ್ಲಿ ಎಳೆಯೋ ಭಾರದ ಶಟರ್ ಕೊಟ್ಟವರದ್ದು. ಬೇಗ ಮುಚ್ಚುವ ಮೋಟಾರ್ ಶಟರ್, ಕೊನೇಪಕ್ಷ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಹಾಕಬಹುದಿತ್ತು. ಬಾಗಿಲನ್ನು ಒಪ್ಪುವಾಗ ಸೋರಿಕೆಯ ಜೊತೆಗೆ, ಅದು ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದನ್ನೂ ಕೇಳಲೇಬೇಕು.

ನಾಳೆ ಡ್ರಾಯಿಂಗ್ ಮಾಡೋರು ನಾವೇ. ಬಾಗಿಲಿನ ಅಳತೆ ಬರೆಯೋ ಮುಂಚೆ ಒಂದು ದಿನ ಆ ಅಣ್ಣನ ಪಕ್ಕ ನಿಂತು ಗಾಡಿ ಎಣಿಸೋಣ.