ಹೇಳಿ ಬಿಡುವುದು

ಕೆಲಸ ಹಿಡಿಯುವ ಬಗೆಯನ್ನು ಕುರಿತು ನಮಗೆ ಉಪದೇಶ ಮಾಡುವವರು ಬಹಳ ಮಂದಿ ಇದ್ದಾರೆ. ಸಿಕ್ಕಿದ ಕೆಲಸ ಹೇಳಿದ ಕೆಲಸವಾಗಿರದಿದ್ದರೆ ಅದನ್ನು ಬಿಡುವುದು ಹೇಗೆಂದು ತಿಳಿಸಿಕೊಟ್ಟವರನ್ನು ನಾನು ಕಾಣೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಇಂಥ ವಿಷಯ ಮನೆಯವರಿಗೆ ತಿಳಿಯದೆಂದು ಎಣಿಸಿದ್ದೆ. ಆ ಎಣಿಕೆ ತಪ್ಪಾಯಿತು.

೨೦೨೫ರ ಬೇಸಿಗೆ ರಜೆಯಲ್ಲಿ ಲಕ್ಕೂರಿನ ಬಸ್ ನಿಲ್ದಾಣದ ಗೋಡೆಯ ಮೇಲೊಂದು ಚೀಟಿ ಕಂಡಿತು: ‘ಪದವಿ ವಿದ್ಯಾರ್ಥಿಗಳು ಬೇಕಾಗಿದ್ದಾರೆ. ಆಫೀಸ್ ಕೆಲಸ. ತಿಂಗಳಿಗೆ ೧೮,೦೦೦. ಊಟ, ವಸತಿ ಉಚಿತ.’ ನಾವು ನಾಲ್ವರು ಹೋದೆವು. ಗುತ್ತಿಗೆದಾರನೊಬ್ಬ ನಮ್ಮ ಮೂಲ ಅಂಕಪಟ್ಟಿಗಳನ್ನು ಇರಿಸಿಕೊಂಡು, ಯಾವುದೋ ಕಾಗದಕ್ಕೆ ರುಜು ಹಾಕಿಸಿಕೊಂಡ. ಆಫೀಸೆಂದರೆ ಗೋಡೌನು, ಕೆಲಸವೆಂದರೆ ೧೨ ಗಂಟೆ ನಿಂತು ಪೆಟ್ಟಿಗೆ ಎತ್ತುವುದು. ಎತ್ತುವ ಕೆಲಸಕ್ಕೆ ನಾನು ಅಳುಕುವವನಲ್ಲ. ಟೊಮೆಟೊ ಕ್ರೇಟು ಹೊತ್ತೇ ಬೆಳೆದವನು. ಆದರೆ ಊಟಕ್ಕಿಷ್ಟು, ಷೂಗಿಷ್ಟು ಎಂದು ಕಳೆದು ೧೧,೦೦೦ ಮಾತ್ರ ಕೈಗೆ ಬರುವುದೆಂದು ಎರಡನೆಯ ವಾರ ತಿಳಿಯಿತು. ಇದು ಮೋಸವಲ್ಲದೆ ಮತ್ತೇನು?

ಜೊತೆಯ ಮೂವರು ಒಂದು ರಾತ್ರಿ ಹೇಳದೆ ಕೇಳದೆ ಹೊರಟುಹೋದರು. ನಾನೂ ಹೊರಡುವವನೇ. ತಡೆದದ್ದು ಧೈರ್ಯವಲ್ಲ, ನಾಚಿಕೆ. ಮಗ ಆಫೀಸಿನಲ್ಲಿದ್ದಾನೆಂದು ಅಮ್ಮ ಬೀದಿಗೆಲ್ಲ ಹೇಳಿದ್ದರು. ಭಾನುವಾರ ಊರಿಗೆ ಬಂದು ಅಪ್ಪನ ಮುಂದೆ ಇದ್ದುದನ್ನು ಇದ್ದಹಾಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ವಾರಕ್ಕೆ ಮಾಡಿದ ಹೊಲ ಬಿಡೋವಾಗ ನಾಲ್ಕು ಜನರ ಮುಂದೆ ಹೇಳಿ ಬಿಡ್ತೀವಿ ಕಣಪ್ಪ. ರಾತ್ರೋರಾತ್ರಿ ಬಿಟ್ಟು ಬಂದ್ರೆ ನೀನೇ ಕದ್ದೋನು ಆಗ್ತೀಯ.”

ನಮ್ಮ ತಾಲ್ಲೂಕಿನವರೇ ಆದ ಮಾಸ್ತಿಯವರು, ಕಿರಿಯರೊಬ್ಬರಿಗೆ ತಮಗಿಂತ ಮೊದಲು ಬಡ್ತಿ ದೊರೆತುದರಿಂದ ೧೯೪೩ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ರಾಜೀನಾಮೆಯಿತ್ತರೆಂದು ಕೇಳಿದಾಗ ನಾವೆಲ್ಲ ತಲೆದೂಗುತ್ತೇವೆ. ಅದು ದೊಡ್ಡವರ ರಾಜೀನಾಮೆ. ನಮ್ಮಂಥವರು ಬಿಟ್ಟರೆ ಅದಕ್ಕೆ ‘ಓಡಿಬಂದ’ ಎಂದು ಹೆಸರು. ನಾವೂ ತಪ್ಪಿತಸ್ಥರಂತೆಯೇ ಹೊರಡುತ್ತೇವೆ. ಇದೇ ನನ್ನ ಆಕ್ಷೇಪ.

“ಹಿಡಿಸದಿದ್ದರೆ ಬಿಟ್ಟುಹೋಗಲಿ” ಎನ್ನುವವರುಂಟು. ನಮ್ಮ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ೨೦೨೦ರ ಡಿಸೆಂಬರ್ ೧೨ರಂದು ಕಾರ್ಮಿಕರು ಗಾಜು ಒಡೆದು ವಾಹನಗಳಿಗೆ ಬೆಂಕಿಯಿಟ್ಟಾಗಲೂ ಹಲವರು ಇದನ್ನೇ ಅಂದರು. ೨೧,೦೦೦ ಎಂದು ಹೇಳಿ ೧೬,೦೦೦ಕ್ಕೆ, ಆಮೇಲೆ ೧೨,೦೦೦ಕ್ಕೆ ಇಳಿಸಿದರೆಂದು ಎಂಜಿನಿಯರಿಂಗ್ ಓದಿದವರು ದೂರಿದುದು ಪತ್ರಿಕೆಗಳಲ್ಲಿ ಬಂದಿತ್ತು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ವಾರದ ಮೇಲೆ ಕಂಪನಿಯು, ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಂದಿರಲಿಲ್ಲವೆಂದು ತಾನೇ ಒಪ್ಪಿ ಕ್ಷಮೆ ಕೇಳಿತು. ಆ ಕಾರ್ಖಾನೆ ೨೦೨೩ರಲ್ಲಿ ಟಾಟಾದವರ ಪಾಲಾಯಿತು. ಬೆಂಕಿಯಿಟ್ಟುದನ್ನು ನಾನು ಸಮರ್ಥಿಸಲಾರೆ. ಆದರೆ ‘ಬಿಟ್ಟುಹೋಗಲಿ’ ಎಂಬ ಮಾತು ಹೇಳುವಷ್ಟು ಸುಲಭವಲ್ಲ. ಬಾರದ ಸಂಬಳವೇ ಗೂಟ. ದನ ಅಲ್ಲೇ ಸುತ್ತುತ್ತಿರುತ್ತದೆ.

ನಾನು ಅರ್ಧ ಹಾಳೆಯ ಪತ್ರ ಬರೆದೆ. ಯಾವ ಕೆಲಸವೆಂದು ಹೇಳಿದ್ದರು, ಏನು ಮಾಡಿಸಿದರು, ಯಾವ ದಿನದಿಂದ ಬರುವುದಿಲ್ಲ, ೧೯ ದಿನದ ಕೂಲಿ ಮತ್ತು ಅಂಕಪಟ್ಟಿ ಕೊಡಬೇಕು, ಇಷ್ಟೇ. ಬೈಗುಳವಿಲ್ಲ, ಅಂಗಲಾಚುವಿಕೆಯೂ ಇಲ್ಲ. ಮೇಸ್ತ್ರಿ ರುಜು ಹಾಕಲಿಲ್ಲ. “ಬಾಂಡ್ ಬರೆದುಕೊಟ್ಟಿದ್ದೀಯ, ಕೋರ್ಟಿಗೆ ಹಾಕ್ತೀವಿ” ಎಂದ. ಮಾಲೂರಿನ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀತಿಯನ್ನೂ ಇನ್ನೊಂದು ಪ್ರತಿಯನ್ನೂ ಇಟ್ಟುಕೊಂಡೆ.

ಬಾಂಡಿನ ಹೆದರಿಕೆ ಪೊಳ್ಳೆಂದು ನಾನು ಹೇಳುವುದಿಲ್ಲ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಕರಾರು ಸಿಂಧುವೆಂದು ಸುಪ್ರೀಂ ಕೋರ್ಟು ೨೦೨೫ರ ಮೇ ತಿಂಗಳಲ್ಲೇ ತೀರ್ಪಿತ್ತಿದೆ. ಅಲ್ಲಿ ಆ ಷರತ್ತು ನೇಮಕಾತಿಯ ಪ್ರಕಟಣೆಯಲ್ಲೇ ಇತ್ತೆಂಬುದನ್ನು ಗಮನಿಸಬೇಕು. ನಮ್ಮ ಬಸ್ ನಿಲ್ದಾಣದ ಚೀಟಿಯಲ್ಲಿ ಏನಿತ್ತು? ಈಗ ಇನ್ನೊಂದು ಅನುಕೂಲವೂ ಇದೆ. ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವನಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಲ್ಲಬೇಕು. ಹೇಳದೆ ಹೋದವನು, ತಾನು ಯಾವ ದಿನ ಬಿಟ್ಟೆನೆಂಬುದನ್ನು ಏನು ತೋರಿಸಿ ಹೇಳಿಯಾನು?

ಮೈಮೇಲೆ ಕೈಮಾಡುವ ಕಡೆ, ಹೆಣ್ಣುಮಕ್ಕಳಿಗೆ ಅಂಜಿಕೆಯಿರುವ ಕಡೆ ಈ ಮಾತು ಸಲ್ಲದು. ಅಲ್ಲಿ ಮೊದಲು ಹೊರಗೆ ಬರಬೇಕು. ಪತ್ರ ಮನೆಯಿಂದ ಬರೆದರಾಯಿತು. ಅಧ್ಯಾಪಕ ಮಹನೀಯರಲ್ಲಿಯೂ ಒಂದು ವಿನಂತಿ: ಉದ್ಯೋಗಕ್ಕೆ ಅರ್ಜಿ ಬರೆಸುವ ಗಂಟೆಯಲ್ಲಿಯೇ ರಾಜೀನಾಮೆಯನ್ನೂ ಒಮ್ಮೆ ಬರೆಸಿರಿ.

ನನ್ನ ಅಂಕಪಟ್ಟಿ ಹತ್ತು ದಿನದಲ್ಲಿ ಬಂದಿತು. ಕೂಲಿ ಒಂಬತ್ತು ದಿನದ್ದು ಮಾತ್ರ ಬಂದಿದೆ. ಉಳಿದುದಕ್ಕೆ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಟ್ಟು ಕಾಯುತ್ತಿದ್ದೇನೆ. ಓಡಿಬಂದ ಮೂವರ ಅಂಕಪಟ್ಟಿ ಇನ್ನೂ ಅಲ್ಲೇ ಇವೆ. ಅವರಲ್ಲೊಬ್ಬ ಮೊನ್ನೆ ನಮ್ಮ ಮನೆಗೆ ಬಂದಿದ್ದ. ಜಗಲಿಯ ಮೇಲೆ ಕುಳಿತು ಇಬ್ಬರೂ ಪತ್ರ ಬರೆದೆವು. ಓದು ಬಾರದ ಅಪ್ಪ ಹಾಳೆಯನ್ನು ಒಂದು ಗಳಿಗೆ ಹಿಡಿದು ನೋಡಿ, “ತಾರೀಕು ಹಾಕಿದ್ದೀರಾ?” ಎಂದು ಕೇಳಿದರು.