ಬಾಗಿಲು ಮುಚ್ಚಿಸುವವರು ಅನ್ನದ ಲೆಕ್ಕವನ್ನೂ ಕೊಡಲಿ

ಜೀವ ದೊಡ್ಡದೋ, ಜೀವನೋಪಾಯ ದೊಡ್ಡದೋ? ಕೋವಿಡ್ ಬಂದ 2020ರಲ್ಲಿ ಈ ಪ್ರಶ್ನೆಯನ್ನು ದುಡಿಯುವ ಜನರ ಮುಂದಿಡಲಾಯಿತು. ನಾಳೆ ಇನ್ನೊಂದು ರೋಗ ಬಂದರೆ ಇದೇ ಪ್ರಶ್ನೆ ಮತ್ತೆ ಬರುವುದು. ಆದರೆ ಪ್ರಶ್ನೆಯೇ ತಪ್ಪು. ನಿರ್ಬಂಧದ ಭಾರ ಹೊರುವವರು ಯಾರು ಎಂಬುದೇ ನಿಜವಾಗಿ ಕೇಳಬೇಕಾದ ಮಾತು.

ನಿರ್ಬಂಧವೇ ಬೇಡವಾಗಿತ್ತೆನ್ನುವವರ ಪಕ್ಷ ನಮ್ಮದಲ್ಲ. 2021ರಲ್ಲಿ ಆಸ್ಪತ್ರೆಯ ಹಾಸಿಗೆಗೂ ಆಮ್ಲಜನಕಕ್ಕೂ ದೇಶ ಪರದಾಡಿದುದನ್ನು ಕಂಡವರು ಹಾಗೆನ್ನಲಾರರು. ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವ ಮನೆಗೆ ರೋಗ ಹೊಕ್ಕರೆ ದೂರ ಸರಿದು ಕೂರಲು ಜಾಗವೆಲ್ಲಿ? ಎಲ್ಲವನ್ನೂ ತೆರೆಯಿರಿ ಎಂಬ ಕೂಗಿಗೆ ಮೊದಲು ಬಲಿಯಾಗುವವನೂ ಕಾರ್ಮಿಕನೇ.

ಆದರೆ ಮಂಗಳೂರಿನಲ್ಲಿ ನಡೆದುದೇನು? ಕೂಲಿ ಕಡಿತ ಮಾಡಕೂಡದೆಂದು ಕೇಂದ್ರ ಸರಕಾರ 2020ರ ಮಾರ್ಚ್ 29ರಂದು ಆಜ್ಞೆ ಹೊರಡಿಸಿತು. ಮೇ 18ರಿಂದ ಅದು ರದ್ದಾಯಿತು. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವ ಹೆಂಗಸರಿಗೆ ಎಲೆ, ಹೊಗೆಸೊಪ್ಪು ಬರುವುದೇ ನಿಂತಾಗ ಆ ಆಜ್ಞೆಯಿಂದ ಒಲೆ ಉರಿಯಲಿಲ್ಲ. ಜನಸಂದಣಿ ತಪ್ಪಿಸಲೆಂದು ಸೆಂಟ್ರಲ್ ಮಾರ್ಕೆಟಿನ ಸಗಟು ವ್ಯಾಪಾರವನ್ನು ಬೈಕಂಪಾಡಿಗೆ ಸಾಗಿಸಲಾಯಿತು. ಅದರೊಂದಿಗೆ ಹಳೆಯ ಕಟ್ಟಡ ಕೆಡಹುವ ಯೋಜನೆಯೂ ಬೆರೆತು, ವ್ಯಾಪಾರಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಬಡವರ ವೆನ್ಲಾಕ್ ಆಸ್ಪತ್ರೆ ಕೋವಿಡಿಗೇ ಮೀಸಲಾದಾಗ ಉಳಿದ ರೋಗಿಗಳು ಬೇರೆ ಬಾಗಿಲು ಹುಡುಕಿದರು. ತಲಪಾಡಿಯ ಗಡಿಯನ್ನು ಮುಚ್ಚಿದ್ದರಿಂದ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ಜನ ದಾರಿಯಿಲ್ಲದೆ ನಿಂತರು. ತಡೆ ತೆಗೆಸಬೇಕೆಂದು ಕೇರಳ ಹೈಕೋರ್ಟು ಏಪ್ರಿಲ್ 1ರಂದು ಕೇಂದ್ರಕ್ಕೆ ಹೇಳಬೇಕಾಯಿತು. ರೋಗ ತಡೆಯುವ ಬೇಲಿ ರೋಗಿಯನ್ನೇ ತಡೆದರೆ ಅದೆಂಥ ಬೇಲಿ?

ಇನ್ನು 'ಸಹಜ ಜೀವನ'ದ ಮಾತು. ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆಸಿದ ರಾಜ್ಯ ಸರಕಾರವು, ಊರಿಗೆ ಹೊರಟ ವಲಸೆ ಕಾರ್ಮಿಕರ ರೈಲುಗಳನ್ನು 2020ರ ಮೇ ಮೊದಲ ವಾರದಲ್ಲಿ ರದ್ದು ಮಾಡಿಸಿತು; ಜನಾಕ್ರೋಶದ ಬಳಿಕವೇ ಹಿಂದೆ ಸರಿಯಿತು. ಅದೇ ಮೇ 22ರಂದು ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಲು ಅನುಮತಿ ಕೊಟ್ಟಿತು. ಪ್ರಕರಣ ಹೈಕೋರ್ಟು ತಲುಪಿದ ಮೇಲೆ ಜೂನಿನಲ್ಲಿ ಅದನ್ನೂ ಹಿಂತೆಗೆದುಕೊಂಡಿತು. ಮುಚ್ಚುವಾಗ ಹೊಟ್ಟೆಗೆ ಏಟು, ತೆರೆಯುವಾಗ ಬೆನ್ನಿಗೆ ಹೊರೆ!

ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಬಾಗಿಲು ಮುಚ್ಚಿಸುವ ಆಜ್ಞೆಯ ಜೊತೆಯಲ್ಲೇ ಅಕ್ಕಿ ಬೇಳೆ ಮನೆ ತಲುಪಬೇಕು. ಕೂಲಿಯ ಹೊಣೆಯನ್ನು ಮಾಲಿಕರೂ ಸರಕಾರವೂ ಕಾನೂನಿನ ಮೂಲಕವೇ ಹಂಚಿಕೊಳ್ಳಬೇಕು. ಸಣ್ಣ ಅಂಗಡಿಯ ಬಾಡಿಗೆಗೂ ಸಾಲದ ಕಂತಿಗೂ ಬಿಡುವು ಸಿಗಬೇಕು. ಆಸ್ಪತ್ರೆಯ ದಾರಿ ಯಾವ ಗಡಿಯಲ್ಲಿಯೂ ಮುಚ್ಚಕೂಡದು. ಯಾವುದನ್ನು ಮುಚ್ಚಬೇಕು, ಯಾವುದನ್ನು ತೆರೆಯಬೇಕೆಂದು ನಿಶ್ಚಯಿಸುವ ಸಭೆಯಲ್ಲಿ ಕಾರ್ಮಿಕರ, ಸಣ್ಣ ವ್ಯಾಪಾರಿಗಳ ಪ್ರತಿನಿಧಿಗಳಿಗೂ ಸ್ಥಾನವಿರಬೇಕು.

ಇಷ್ಟಾದರೆ ಎಷ್ಟು ಕಠಿಣ ನಿಯಮವನ್ನಾದರೂ ದುಡಿಯುವ ಜನ ಪಾಲಿಸುವರು. ಹಸಿದವನಿಗೆ ಮನೆಯಲ್ಲಿರು ಎಂದು ಹೇಳುವ ಅಧಿಕಾರ, ಅವನ ಮನೆಗೆ ಅನ್ನ ಮುಟ್ಟಿಸಿದ ಸರಕಾರಕ್ಕೆ ಮಾತ್ರ ಉಂಟು. ಮುಂದಿನ ರೋಗ ಬರುವ ಮುನ್ನವೇ ಈ ಮಾತನ್ನು ಕಾನೂನಾಗಿ ಬರೆಯಿಸಿಕೊಳ್ಳಲು ಸಂಘಟಿತರಾಗೋಣ.