ರೋಬೋಟ್ ಎಂದರೆ ಬಿಟ್ಟಿಯಾಳು

ತಾನಾಗಿ ದುಡಿಯುವ ಯಂತ್ರಕ್ಕೆ 'ರೋಬೋಟ್' ಎನ್ನುತ್ತಾರೆ. ಕನ್ನಡದಲ್ಲಿ 'ಯಂತ್ರಮಾನವ' ಎಂದು ಬರೆಯುವುದುಂಟು. ಈ ಕನ್ನಡ ಮಾತು ಮುಖ್ಯ ಸಂಗತಿಯೊಂದನ್ನು ಮರೆಸುತ್ತದೆಂಬುದು ನಮ್ಮ ಅಭಿಪ್ರಾಯ.

ಚೆಕ್ ಭಾಷೆಯಲ್ಲಿ 'ರೊಬೋಟ' ಎಂದರೆ ಜಮೀನ್ದಾರನ ಹೊಲದಲ್ಲಿ ರೈತನು ಕೂಲಿಯಿಲ್ಲದೆ ಮಾಡಬೇಕಾಗಿದ್ದ ದುಡಿಮೆ. ನಮ್ಮ ಹಿರಿಯರ ಮಾತಿನಲ್ಲಿ ಬಿಟ್ಟಿ. ಬೊಹೀಮಿಯಾದಲ್ಲಿ ಅದು ರದ್ದಾದದ್ದು 1848ರಲ್ಲಿ. ನಾಟಕಕಾರ ಕಾರೆಲ್ ಚಾಪೆಕ್ ಅವರು 1920ರ ತಮ್ಮ ನಾಟಕದಲ್ಲಿ ಕಾರ್ಖಾನೆಯಲ್ಲಿ ತಯಾರಾಗುವ ಕೃತಕ ಆಳುಗಳಿಗೆ ಹೆಸರು ಹುಡುಕುತ್ತಿದ್ದಾಗ, ಚಿತ್ರಕಾರರಾದ ಅಣ್ಣ ಯೋಸೆಫ್ ಈ ಮಾತನ್ನು ಸೂಚಿಸಿದರು. ಆ ಆಳುಗಳು ಕೊನೆಗೆ ದಂಗೆಯೇಳುತ್ತಾರೆ.

ಕಡೂರು ಸೀಮೆಯ ಎಮ್ಮೆದೊಡ್ಡಿಯ ಹೆಸರಿನಲ್ಲಿ ಎಮ್ಮೆಯ ದೊಡ್ಡಿ ಉಳಿದಿರುವಂತೆ, 'ರೋಬೋಟ್' ಎಂಬಲ್ಲಿ ಬಿಟ್ಟಿಯಾಳು ಉಳಿದಿದ್ದಾನೆ. ಇದು ದೂರದ ಕಥೆಯಲ್ಲ. ನಮ್ಮಲ್ಲಿ ಜೀತವನ್ನು ರದ್ದುಗೊಳಿಸುವ ಕಾಯಿದೆ ಬಂದದ್ದು 1976ರಲ್ಲಿ.

ಬೆನ್ನು ಮುರಿಯುವ ದುಡಿಮೆಯನ್ನು ಯಂತ್ರ ಮಾಡಲಿ. ನಮಗೆ ಯಂತ್ರದ ಮೇಲೆ ಹಗೆಯಿಲ್ಲ. ಆದರೆ ನಾಳೆ ಅದು ಎಮ್ಮೆದೊಡ್ಡಿಯ ರಾಗಿ ಹೊಲಕ್ಕಿಳಿದರೆ, ಕೂಲಿ ಮಾಡುವ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಒಂದು ಪ್ರಶ್ನೆ ಕೇಳಬೇಕು: ಯಂತ್ರ ಕೂಲಿ ಕೇಳುವುದಿಲ್ಲ, ಸರಿ. ಹಾಗೆ ಉಳಿದ ಕೂಲಿ ಯಾರ ಮನೆ ಸೇರಿತು?